ಗರ್ಭದಿಂದ ಯೌವನದವರೆಗೆ: ಮನಸ್ಸು ಬೆಳೆಯುವ ಬಗೆ



ಕೆಲವು ದಿನಗಳ ಹಿಂದೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆಸಿ ಎಲ್ಲರೂ ಹೊರಟರು. ಒಬ್ಬ ಸದಸ್ಯೆ ಮಾತ್ರ ಚಾಪೆ ಮಡಿಸುವ ನೆಪದಲ್ಲಿ ಹಿಂದೆ ಉಳಿದರು. "ಸಿಸ್ಟರ್, ನನ್ನ ಮಗ ಹತ್ತನೇ ಕ್ಲಾಸು. ಮೂರು ತಿಂಗಳಿಂದ ಸರಿಯಾಗಿ ಮಾತೇ ಆಡ್ತಿಲ್ಲ. ಊಟ ಬಡಿಸಿದ್ರೆ ತಟ್ಟೆ ಎತ್ಕೊಂಡು ಒಳಗೆ ಹೋಗ್ತಾನೆ. ಅವನು ಚಿಕ್ಕೋನಿದ್ದಾಗ ನಾನು ಕೂಲಿಗೆ ಹೋಗ್ತಿದ್ದೆ, ಸರಿಯಾಗಿ ನೋಡ್ಕೊಳ್ಳಕ್ಕಾಗಲಿಲ್ಲ. ಅದಕ್ಕೇ ಹೀಗಾಯ್ತಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ" ಎಂದು ಕಣ್ಣೊರೆಸಿಕೊಂಡರು.

ಇದು ಆ ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲ. ಮಗುವಿನ ತೂಕ, ಎತ್ತರ, ಚುಚ್ಚುಮದ್ದು ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಬರೆಸುತ್ತೇವೆ. ಮನಸ್ಸು ಹೇಗೆ ಬೆಳೆಯುತ್ತಿದೆ ಎಂದು ಬರೆಯುವ ಕಾರ್ಡು ನಮ್ಮ ಕೈಯಲ್ಲಿಲ್ಲ. ಏನಾದರೂ ಎಡವಟ್ಟಾದಾಗ ಮಾತ್ರ ಎಲ್ಲ ತಪ್ಪನ್ನೂ ತಾಯಿಯ ತಲೆಗೆ ಕಟ್ಟುತ್ತಾರೆ. ಆದ್ದರಿಂದ ಮನಸ್ಸು ಹಂತ ಹಂತವಾಗಿ ಹೇಗೆ ಬೆಳೆಯುತ್ತದೆ, ಯಾವ ಹಂತದಲ್ಲಿ ಏನು ಬೇಕು ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಎರಿಕ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞರು 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನುಷ್ಯನ ಬದುಕನ್ನು 8 ಹಂತಗಳಾಗಿ ವಿಂಗಡಿಸಿದರು. ಒಂದೊಂದು ಹಂತದಲ್ಲೂ ಮನಸ್ಸು ಒಂದೊಂದು ಪಾಠ ಕಲಿಯಬೇಕು ಎಂದರು. ಹುಟ್ಟಿನಿಂದ ಯೌವನದವರೆಗೆ ಅಂಥವು 6. ಅದಕ್ಕೂ ಮೊದಲಿನ ಒಂಬತ್ತು ತಿಂಗಳಿಂದ ನಾವು ಆರಂಭಿಸೋಣ.

1. ತಾಯಿಯ ಗರ್ಭದಲ್ಲಿ

ಗರ್ಭ ನಿಂತ ಮೊದಲ 4 ವಾರಗಳಲ್ಲೇ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಬುನಾದಿ ಬೀಳುತ್ತದೆ. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಖಚಿತವಾಗುವಷ್ಟರಲ್ಲಿ ಈ ಕೆಲಸ ಮುಗಿದಿರುತ್ತದೆ. ಅದಕ್ಕೇ ಮಗು ಬೇಕು ಎಂದುಕೊಂಡಾಗಲೇ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಬೇಕು ಎನ್ನುವುದು. ಮಿದುಳಿನ ಬೆಳವಣಿಗೆಗೆ ಅಯೋಡಿನ್ ಬೇಕು, ಆದ್ದರಿಂದ ಅಯೋಡಿನ್ ಇರುವ ಉಪ್ಪನ್ನೇ ಬಳಸಿ.

ಆರನೇ ತಿಂಗಳ ಹೊತ್ತಿಗೆ ಮಗುವಿಗೆ ಶಬ್ದ ಕೇಳಿಸತೊಡಗುತ್ತದೆ. ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು.

ಗ್ರಹಣ ಬಂದರೆ ಗರ್ಭಿಣಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಊಟ, ನೀರು ಕೊಡದೆ ಹೆದರಿಸುತ್ತೇವೆ. ಗ್ರಹಣದಿಂದ ಹೊಟ್ಟೆಯ ಮಗುವಿಗೆ ಏನೂ ಆಗುವುದಿಲ್ಲ. ಆದರೆ ದಿನಾ ಹೊಡೆತ, ಬೈಗುಳ, ಭಯದಲ್ಲಿ ಬದುಕುವ ಗರ್ಭಿಣಿಗೆ ದಿನ ತುಂಬದೆ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಅಪಾಯ ಹೆಚ್ಚು. ಒಂದು ದಿನ ಅತ್ತರೆ ಮಗುವಿಗೆ ಕೆಟ್ಟದ್ದು ಎಂದು ಹೆದರಬೇಡಿ. ಆದರೆ ಮನೆಯಲ್ಲಿ ಕುಡಿತ, ಹೊಡೆತ ಇದ್ದರೆ ಅದು ಹುಟ್ಟಲಿರುವ ಮಗುವಿಗೂ ಸೇರಿದ ವಿಷಯ ಎಂದು ತಿಳಿಯಿರಿ.

2. ಹುಟ್ಟಿನಿಂದ ಒಂದು ವರ್ಷ: ನಂಬಿಕೆ

ಹುಟ್ಟುವಾಗ ಮಗುವಿನ ಮಿದುಳಿನ ತೂಕ ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗ. ಎರಡು ವರ್ಷ ತುಂಬುವಾಗ ಸುಮಾರು ಮುಕ್ಕಾಲು ಭಾಗ! ಅಂದರೆ ಈ ಕಾಲದಲ್ಲಿ ಎಷ್ಟು ಕೆಲಸ ನಡೆಯುತ್ತದೆ ನೋಡಿ.

ಈ ವಯಸ್ಸಿನ ಮಗುವಿಗೆ ಇರುವುದು ಒಂದೇ ಪ್ರಶ್ನೆ: "ನಾನು ಅತ್ತರೆ ಯಾರಾದರೂ ಬರ್ತಾರಾ?" ಬಂದರೆ ಜಗತ್ತನ್ನು ನಂಬಬಹುದು ಎಂದು ಅದು ಕಲಿಯುತ್ತದೆ. "ಅಳ್ತಾ ಇರೋ ಮಗೂನ ಎತ್ಕೊಂಡ್ರೆ ಅಭ್ಯಾಸ ಆಗ್ಬಿಡ್ತದೆ" ಎನ್ನುವ ಮಾತು ಸರಿಯಲ್ಲ. ಕೂಡಲೇ ಎತ್ತಿ ಸಮಾಧಾನ ಮಾಡಿದ ಮಕ್ಕಳು ಮುಂದೆ ಕಡಿಮೆ ಅಳುತ್ತವೆ ಎಂದು ಮೇರಿ ಐನ್ಸ್‌ವರ್ತ್ ಅವರ ಅಧ್ಯಯನ ತೋರಿಸಿತು. ಹಾಗೆ ಓಗೊಡುವವರು ತಾಯಿಯೇ ಆಗಬೇಕೆಂದಿಲ್ಲ. ತಂದೆ, ಅಜ್ಜಿ, ದೊಡ್ಡಮ್ಮ ಯಾರಾದರೂ ಸರಿ, ದಿನಾ ಇರುವವರಾಗಿರಬೇಕು. ಕೂಲಿಗೆ ಹೋಗುವ ತಾಯಂದಿರು ಇದನ್ನು ನೆನಪಿಡಿ.

ಬಾಣಂತಿಯ ಮನಸ್ಸನ್ನೂ ನೋಡಿಕೊಳ್ಳಬೇಕು. ಎರಡು ವಾರ ಕಳೆದರೂ ಅಳು, ನಿದ್ದೆಯಿಲ್ಲ, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲ ಎಂದಾದರೆ ಅದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದು ಖಿನ್ನತೆ ಎಂಬ ಕಾಯಿಲೆ. ಔಷಧಿ ಮತ್ತು ಆಪ್ತಸಲಹೆಯಿಂದ ವಾಸಿಯಾಗುತ್ತದೆ.

3. ಒಂದರಿಂದ ಮೂರು ವರ್ಷ: "ನಾನೇ ಮಾಡ್ತೀನಿ"

ನಡೆಯಲು ಕಲಿತ ಮಗು ಎಲ್ಲದಕ್ಕೂ "ಬೇಡ", "ನಾನೇ" ಎನ್ನುತ್ತದೆ. ಇದು ಹಠಮಾರಿತನವಲ್ಲ, ನಾನೂ ಒಬ್ಬ ಬೇರೆ ಮನುಷ್ಯ ಎಂದು ಅದಕ್ಕೆ ಗೊತ್ತಾದ ಗುರುತು. ಚೆಲ್ಲಿದರೂ ಪರವಾಗಿಲ್ಲ, ತಾನೇ ತಿನ್ನಲು ಬಿಡಿ. ಬಟ್ಟೆ ಒದ್ದೆ ಮಾಡಿಕೊಂಡಿತೆಂದು ಹೊಡೆದು ನಾಚಿಕೆಪಡಿಸಬೇಡಿ.

ಎರಡು ವರ್ಷಕ್ಕೆ ಮಗು "ಅಮ್ಮ ಬಾ", "ಹಾಲು ಕೊಡು" ಎಂದು ಎರಡು ಪದ ಜೋಡಿಸಬೇಕು. ಜೋಡಿಸದಿದ್ದರೆ ಅಥವಾ ಹೆಸರು ಕರೆದರೆ ತಿರುಗಿ ನೋಡದಿದ್ದರೆ "ಅಪ್ಪನೂ ತಡವಾಗೇ ಮಾತಾಡಿದ್ದ" ಎಂದು ಕಾಯಬೇಡಿ, ವೈದ್ಯರಿಗೆ ತೋರಿಸಿ. ಮಾತು ಬರುವುದು ಮಾತಾಡಿಸಿದಾಗ, ಮೊಬೈಲ್ ತೋರಿಸಿ ಉಣ್ಣಿಸಿದರೆ ಅಲ್ಲ. ಒಂದು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿ.ವಿ. ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

4. ಮೂರರಿಂದ ಆರು ವರ್ಷ: ಆಟ ಮತ್ತು ಪ್ರಶ್ನೆ

ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಅಳತೆಯ ಎರಡು ಲೋಟದಲ್ಲಿ ಸಮವಾಗಿ ಮಜ್ಜಿಗೆ ಹಾಕಿ. ಒಂದು ಲೋಟದ್ದನ್ನು ಮಗುವಿನ ಎದುರೇ ಉದ್ದನೆಯ ಕಿರಿದಾದ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ ನಾಲ್ಕು ವರ್ಷದ ಮಗು ಉದ್ದದ ಲೋಟವನ್ನೇ ತೋರಿಸುತ್ತದೆ. ಸುಮಾರು ಏಳು ವರ್ಷದ ಮಗು "ಎರಡೂ ಒಂದೇ ಅಲ್ವಾ" ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇಂಥ ಪ್ರಯೋಗಗಳಿಂದ ಮಕ್ಕಳ ಯೋಚನೆಯೇ ಬೇರೆ ರೀತಿಯದು ಎಂದು ತೋರಿಸಿದರು. ಆದ್ದರಿಂದ ಚಿಕ್ಕ ಮಗುವಿಗೆ ದೊಡ್ಡವರಂತೆ ಅರ್ಥವಾಗಲಿಲ್ಲವೆಂದು ಬಡಿಯುವುದು ಅನ್ಯಾಯ.

ಈ ವಯಸ್ಸಿನಲ್ಲಿ ಆಟವೇ ಪಾಠ. ಅಡಿಗೆ ಆಟ, ಮಣ್ಣಿನ ಆಟ, ಕಥೆ ಎಲ್ಲವೂ ಬೇಕು. ಅಂಗನವಾಡಿಗೆ ಮಗುವನ್ನು ಕಳಿಸುವುದು ಊಟಕ್ಕಾಗಿ ಮಾತ್ರವಲ್ಲ, ಬೇರೆ ಮಕ್ಕಳ ಜೊತೆ ಬೆರೆಯುವುದಕ್ಕೂ ಹೌದು.

5. ಆರರಿಂದ ಹನ್ನೆರಡು: "ನನ್ನ ಕೈಲಾಗುತ್ತದೆ"

ಶಾಲೆಗೆ ಹೋಗುವ ಮಗು ತನ್ನನ್ನು ಬೇರೆಯವರ ಜೊತೆ ಹೋಲಿಸಿಕೊಳ್ಳುತ್ತದೆ. ನಾವೂ "ಪಕ್ಕದ ಮನೆಯವಳನ್ನ ನೋಡಿ ಕಲಿ" ಎಂದರೆ ಕೀಳರಿಮೆ ಬೇರೂರುತ್ತದೆ. ಬುದ್ಧಿ ಚುರುಕಾಗಿದ್ದರೂ ಓದುವಾಗ ಅಕ್ಷರ ತಡವರಿಸುವ ಮಕ್ಕಳಿದ್ದಾರೆ. ಅದು ಕಲಿಕೆಯ ತೊಂದರೆ, ದಡ್ಡತನವಲ್ಲ. ಗಿಡಕ್ಕೆ ನೀರು ಹಾಕುವುದು, ಅಂಗಡಿ ಲೆಕ್ಕ ಮಾಡುವುದು ಹೀಗೆ ಮಗು ಮಾಡಬಲ್ಲ ಒಂದು ಕೆಲಸ ಕೊಟ್ಟು, ಮಾಡಿದಾಗ ಒಂದು ಒಳ್ಳೆಯ ಮಾತು ಹೇಳಿ. ಗಂಡು ಮಕ್ಕಳಿಗೂ ಕೊಡಿ.

6. ಹನ್ನೆರಡರಿಂದ ಹದಿನೆಂಟು: "ನಾನು ಯಾರು?"

ದೇಹ ಬದಲಾಗುತ್ತದೆ, ಆಸೆ, ಸಿಟ್ಟು, ನಾಚಿಕೆ ಒಟ್ಟಿಗೇ ನುಗ್ಗುತ್ತವೆ. ಮಿದುಳಿನಲ್ಲಿ ಭಾವನೆಯ ಭಾಗ ಬೇಗ ಚುರುಕಾಗುತ್ತದೆ. ಆದರೆ ಹಿಂದುಮುಂದು ಯೋಚಿಸಿ ತಡೆಹಿಡಿಯುವ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಗಾಡಿಗೆ ವೇಗ ಬಂದಿದೆ, ಬ್ರೇಕು ಇನ್ನೂ ಸರಿಯಾಗಿ ಕೂತಿಲ್ಲ ಎಂದಂತೆ. ಗೆಳೆಯರ ಮಾತೇ ವೇದವಾಗುವ ವಯಸ್ಸು ಇದು.

ಇಲ್ಲಿ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ ಕೇಳುವ ಕಿವಿ. ಮೈನೆರೆದ ಹುಡುಗಿಗೆ ಮುಟ್ಟಿನ ಬಗ್ಗೆ ನೀವೇ ತಿಳಿಸಿ ಹೇಳಿ. "ನಾನು ಇದ್ದರೆಷ್ಟು, ಹೋದರೆಷ್ಟು" ಎಂದು ಮಗು ಹೇಳಿದರೆ ನಾಟಕ ಎನ್ನಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಬದಲಿಗೆ ಮನಸ್ಸು ಹಗುರಾಗುತ್ತದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು 2022ರಲ್ಲಿ ಆರಂಭವಾಯಿತು, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ ಯಾವುದೇ ತೊಂದರೆಯಾದರೆ 1098.

ಇನ್ನೂ "ನಾನು ಯಾರು" ಎಂದು ಹುಡುಕುತ್ತಿರುವ ಹುಡುಗಿಯನ್ನು ಮದುವೆ ಮಾಡಿ ಕಳಿಸಿದರೆ ಆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. 2006ರ ಬಾಲ್ಯ ವಿವಾಹ ನಿಷೇಧ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ಎಂದಿರುವುದಕ್ಕೆ ದೇಹ ಮಾತ್ರವಲ್ಲ, ಮನಸ್ಸೂ ಕಾರಣವೆಂದು ನಾನು ನಂಬುತ್ತೇನೆ.

7. ಹದಿನೆಂಟರ ನಂತರ: ಜೊತೆಯಾಗಿ ಬದುಕುವುದು

ಕೆಲಸ, ಸ್ನೇಹ, ಮದುವೆಯ ಕಾಲ ಇದು. ತನ್ನ ಮೇಲೆ ತನಗೆ ನಂಬಿಕೆ ಇದ್ದವರು ಇನ್ನೊಬ್ಬರಿಗೆ ಹತ್ತಿರವಾಗಬಲ್ಲರು. ಮಕ್ಕಳು ತಪ್ಪು ನಿರ್ಧಾರ ಮಾಡಿದರೂ ಮನೆ ಬಾಗಿಲು ತೆರೆದಿದೆ ಎಂದು ಅವರಿಗೆ ಗೊತ್ತಿರಬೇಕು.

ತಡವಾಯಿತೇ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಅವರ ಸಂಗಡಿಗರು ನಲವತ್ತು ವರ್ಷ ತುಂಬುವವರೆಗೂ ಗಮನಿಸಿದರು. ಬಡತನ, ಜಗಳ, ಕುಡಿತ, ತಾಯಿ ತಂದೆಯ ಕಾಯಿಲೆ ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದು ದೊಡ್ಡವರಾದರು. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಅನೇಕರು ಮುಂದೆ ಸರಿಹೋದರು. ಚೆನ್ನಾಗಿ ಬೆಳೆದವರಿಗೆಲ್ಲ ಕನಿಷ್ಠ ಒಬ್ಬ ನೆಚ್ಚಿನ ಹಿರಿಯರಿದ್ದರು. ಅಜ್ಜಿಯೋ, ಅತ್ತೆಯೋ, ಶಿಕ್ಷಕಿಯೋ, ನೆರೆಮನೆಯವರೋ.

ಹಾಗಾಗಿ ಗಿಡ, ಮರದ ಗಾದೆ ಅರ್ಧ ಮಾತ್ರ ನಿಜ. ಬುನಾದಿ ಮುಖ್ಯ, ಆದರೆ ಮನುಷ್ಯನ ಮನಸ್ಸು ಮರವಲ್ಲ. ಇದನ್ನೇ ಆ ತಾಯಿಗೆ ಹೇಳಿದೆ. "ಬೈಯಬೇಡಿ, ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ. ಅವನ ಪಕ್ಕ ಸುಮ್ಮನೆ ಕೂತು ಊಟ ಮಾಡಿ. ಅವನು ಯಾರ ಮಾತು ಕೇಳ್ತಾನೋ ಅವರನ್ನ ಕರೆಸಿ" ಎಂದೆ. ಎರಡು ವಾರದ ನಂತರ ಅವರೇ ಬಂದು ಹೇಳಿದರು: ಸೋದರಮಾವ ಬಂದಾಗ ಹುಡುಗ ಬಾಯಿಬಿಟ್ಟನಂತೆ. ಗಣಿತದಲ್ಲಿ ಫೇಲಾದದ್ದನ್ನು ಮುಚ್ಚಿಟ್ಟು, ಪರೀಕ್ಷೆಯ ಭಯದಲ್ಲಿ ಒಳಗೊಳಗೇ ಬೇಯುತ್ತಿದ್ದನಂತೆ. ಈಗ ಮಾವ ವಾರಕ್ಕೊಮ್ಮೆ ಬಂದು ಜೊತೆಗೆ ಕೂರುತ್ತಿದ್ದಾರೆ. ಎಲ್ಲ ಸರಿಹೋಯಿತೆಂದಲ್ಲ, ಮಾತು ಶುರುವಾಗಿದೆ.

ನಿಮ್ಮ ಸಂಘದಲ್ಲಿ ಹದಿನೈದು ಇಪ್ಪತ್ತು ಹೆಂಗಸರಿದ್ದೀರಿ. ಒಬ್ಬೊಬ್ಬರು ನಿಮ್ಮ ಬೀದಿಯ ಒಂದು ಮಗುವಿಗೆ ಆ ನೆಚ್ಚಿನ ಹಿರಿಯರಾದರೆ ಸಾಕು.

ಮುಂದಿನ ಸಭೆಯಲ್ಲಿ ಚರ್ಚಿಸಿ

* ನೀವು ಚಿಕ್ಕವರಿದ್ದಾಗ ನಿಮ್ಮ ಮಾತು ಕೇಳುತ್ತಿದ್ದ ಹಿರಿಯರು ಯಾರು?
* ನಮ್ಮ ಊರಿನಲ್ಲಿ ಈಗ ಬಾಣಂತಿಯರು ಯಾರಿದ್ದಾರೆ? ಅವರ ಮನೆಗೆ ಈ ವಾರ ಯಾರು ಹೋಗಿಬರುತ್ತೀರಿ?
* ಶಾಲೆ ಬಿಟ್ಟ ಅಥವಾ ಮಂಕಾಗಿರುವ ಮಕ್ಕಳು ಯಾರು? ಅವರ ಜೊತೆ ಮಾತಾಡುವವರು ಯಾರು?