‘ಒಂದೆರಡು ಕಡೆ’ಯಲ್ಲಿ ಲಗ್ಗೆರೆ ಇದೆಯೇ?

ಏಪ್ರಿಲ್ ಮಧ್ಯಾಹ್ನ. ಲಗ್ಗೆರೆಯ ಬೀದಿಯಲ್ಲಿ ಸುಡುಬಿಸಿಲು, ಮೊಬೈಲಿನಲ್ಲಿ ಹಳದಿ ಎಚ್ಚರಿಕೆ: ಬೆಂಗಳೂರು ನಗರ ಜಿಲ್ಲೆಯ ಒಂದೆರಡು ಕಡೆ ಗುಡುಗು ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ಸಂಜೆ ಪೀಣ್ಯದಲ್ಲಿ ಕೊಂಬೆ ಮುರಿದರೂ ಇಲ್ಲಿ ಬರೀ ಧೂಳು ಎದ್ದರೆ, ‘ಹವಾಮಾನದವರು ಹೇಳಿದ್ದು ಯಾವತ್ತು ನಿಜವಾಗಿದೆ’ ಎಂಬ ಮಾತು ಬಂದೇ ಬರುತ್ತದೆ. ಅದು ಅನ್ಯಾಯದ ಮಾತು.

‘ಒಂದೆರಡು ಕಡೆ’ ಎಂಬುದಕ್ಕೆ ಹವಾಮಾನ ಇಲಾಖೆಯಲ್ಲಿ ಲೆಕ್ಕವಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25. ‘ಹಲವು ಕಡೆ’ ಎಂದರೆ ಶೇ 51ರಿಂದ 75. ಮುನ್ಸೂಚನೆ ಪೂರ್ತಿ ನಿಜವಾದ ದಿನವೂ ಮುಕ್ಕಾಲು ಊರು ಒಣಗಿರಬಹುದು.

ಬಡಾವಣೆಯ ಹೆಸರು ಹೇಳಲಾಗದೇಕೆ? ಗುಡುಗು ಮೋಡದ ಅಗಲ ಕೆಲವೇ ಕಿ.ಮೀ., ಆಯಸ್ಸು ಸುಮಾರು ಒಂದು ಗಂಟೆ. ಬೆಳಿಗ್ಗೆ ಮುನ್ಸೂಚನೆ ಬರೆಯುವಾಗ ಅದು ಹುಟ್ಟಿಯೇ ಇರುವುದಿಲ್ಲ. ಎಸರು ಕುದಿಯುತ್ತದೆಂದು ಗೊತ್ತು, ಮೊದಲ ಗುಳ್ಳೆ ಎಲ್ಲಿ ಏಳುತ್ತದೆಂದು ಗೊತ್ತಾಗದು. 2025ರ ಮೇನಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಎಂಬ ಮುನ್ಸೂಚನಾ ವ್ಯವಸ್ಥೆ ಭೂಮಿಯನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಅಂಥ ಒಂದು ಚೌಕದಲ್ಲಿ ಲಗ್ಗೆರೆ, ನಂದಿನಿ ಲೇಔಟ್, ರಾಜಗೋಪಾಲನಗರ ಮೂರೂ ಹಿಡಿಸಿಬಿಡುತ್ತವೆ.

ಗಾಳಿಯದಂತೂ ಇನ್ನೂ ಕಷ್ಟ. ಬೀಳುವ ಹನಿಗಳು ದಾರಿಯಲ್ಲೇ ಆವಿಯಾಗುತ್ತ ಸುತ್ತಲ ಗಾಳಿಯನ್ನು ತಂಪು ಮಾಡುತ್ತವೆ. ತಂಪಾಗಿ ಭಾರವಾದ ಆ ಗಾಳಿ ನೆಲಕ್ಕೆ ಅಪ್ಪಳಿಸಿ ದಿಕ್ಕುದಿಕ್ಕಿಗೆ ಹರಡುತ್ತದೆ. ಮಳೆಗೆ ಮೊದಲು ಮುಖಕ್ಕೆ ತಣ್ಣಗೆ ಬಡಿಯುವುದು ಇದೇ. ಅದನ್ನು ಹಿಡಿಯಲು ಡಾಪ್ಲರ್ ರಾಡಾರ್ ಹತ್ತಿರದಲ್ಲಿರಬೇಕು. ಬೆಂಗಳೂರು ಬಹುಕಾಲ ಚೆನ್ನೈನ ರಾಡಾರನ್ನು ನೆಚ್ಚಿಕೊಂಡಿತ್ತು. ಭೂಮಿ ಬಾಗಿರುವುದರಿಂದ ಅದರ ಕಿರಣ ಇಲ್ಲಿಗೆ ಬರುವಷ್ಟರಲ್ಲಿ ಹಲವು ಕಿ.ಮೀ. ಎತ್ತರದಲ್ಲಿರುತ್ತದೆ, ಮೋಡದ ನೆತ್ತಿ ಕಂಡೀತು, ಬುಡದ ಗಾಳಿ ಕಾಣದು.

2024ರ ಜೂನ್ 2ರಂದು ನಗರದಲ್ಲಿ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ ಒಂದೇ ದಿನದ ಮಳೆಯ 1891ರ ದಾಖಲೆ ಮುರಿಯಿತು. ನೂರಾರು ಮರಗಳು ಉರುಳಿದವು. ಮುನ್ಸೂಚನೆ ಬರೆಯುವವರ ಮುಂದೆ ಇಂಥ ದಿನದ ಭಯ ಸದಾ ಇರುತ್ತದೆ. ಸುಮ್ಮನಿದ್ದರೆ ಜೀವ ಹೋದೀತು, ದಿನವೂ ಕೂಗಿದರೆ ಜನ ಕಿವಿಗೆ ಹಾಕಿಕೊಳ್ಳರು. ನನ್ನ ಮಟ್ಟಿಗೆ, ಹುಸಿಯಾದರೂ ಹೇಳಲಿ. ಮರದಡಿಯ ಬೈಕ್ ಸರಿಸಲು, ಮಹಡಿಯ ಸಡಿಲ ಶೀಟ್ ಬಿಗಿಯಲು ಹತ್ತು ನಿಮಿಷ ಸಾಕು. ಹಳದಿ ಕಂಡ ದಿನ ಮಧ್ಯಾಹ್ನದ ಮೇಲೆ ಇಲಾಖೆಯ ಮೂರು ಗಂಟೆಗಳ ಮುನ್ಸೂಚನೆಯನ್ನೂ ನೋಡಿಕೊಳ್ಳಬೇಕು. ಆ ಹೊತ್ತಿಗೆ ಮೋಡ ಹುಟ್ಟಿರುತ್ತದೆ, ಉಪಗ್ರಹದ ಕಣ್ಣಿಗೂ ಬಿದ್ದಿರುತ್ತದೆ.