ಚೆಶೈರ್ ಮನೆಯಲ್ಲಿ ಬಾಳಿದವರು
ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಓಡಾಡುವವರಿಗೆ ಚೆಶೈರ್ ಹೋಮ್ ಹೆಸರು ಹೊಸದಲ್ಲ. ಕೊಡಗಿನ ಪಾಲಿಬೆಟ್ಟದಲ್ಲೂ ಇದೇ ಹೆಸರಿನ ಸಂಸ್ಥೆ ವಿಶೇಷ ಮಕ್ಕಳ ಶಾಲೆ ನಡೆಸುತ್ತದೆ. ಈ ಹೆಸರು ಯುದ್ಧವಿಮಾನ ಹಾರಿಸುತ್ತಿದ್ದ ಒಬ್ಬ ಪೈಲಟ್‌ನದು.

ಲೆನಾರ್ಡ್ ಚೆಶೈರ್ ಎರಡನೇ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ವೀಕ್ಷಕರಾಗಿ ಆಕಾಶದಲ್ಲಿದ್ದರು. 1948ರಲ್ಲಿ, ಕ್ಯಾನ್ಸರ್‌ನ ಕೊನೆಯ ಹಂತದಲ್ಲಿದ್ದು ಎಲ್ಲೂ ನೆಲೆಯಿಲ್ಲದ ಆರ್ಥರ್ ಡೈಕ್ಸ್ ಎಂಬುವರನ್ನು ಹ್ಯಾಂಪ್‌ಶೈರ್‌ನ ತಮ್ಮ ಲೆ ಕೋರ್ಟ್ ಮನೆಗೆ ಕರೆತಂದು ತಾವೇ ಆರೈಕೆ ಮಾಡಿದರು. ಸುದ್ದಿ ತಿಳಿದು ಇನ್ನಷ್ಟು ಜನ ಬಂದರು. ಯಾರೂ ಯೋಜನೆ ಹಾಕದೆ ಸಂಸ್ಥೆಯೊಂದು ಹುಟ್ಟಿತು. ಒಂದು ದಶಕ ಕಳೆಯುವುದರೊಳಗೆ ಅದು ಮುಂಬಯಿಯ ಅಂಧೇರಿಗೂ ಬಂತು.

ಆದರೆ ಈ ಇತಿಹಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಸರೆ ಕೊಟ್ಟವರಿಗಿಂತ ಹೆಚ್ಚಾಗಿ ಅಲ್ಲಿ ಬಾಳಿದವರು. ಲೆ ಕೋರ್ಟ್‌ನ ನಿವಾಸಿ ಪಾಲ್ ಹಂಟ್ ಎಳೆಯ ವಯಸ್ಸಿನಲ್ಲೇ ಅಲ್ಲಿಗೆ ಸೇರಿದವರು. ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು ಎಂಬುದನ್ನೂ ಸಿಬ್ಬಂದಿಯೇ ತೀರ್ಮಾನಿಸಬೇಕೆ ಎಂದು ಅವರೂ ಗೆಳೆಯರೂ ಪ್ರಶ್ನಿಸಿದರು, ಆಡಳಿತದಲ್ಲಿ ಪಾಲು ಕೇಳಿದರು. 1972ರಲ್ಲಿ ಹಂಟ್ 'ಗಾರ್ಡಿಯನ್' ಪತ್ರಿಕೆಗೆ ಬರೆದ ಕಾಗದಕ್ಕೆ ಬಂದ ಉತ್ತರಗಳಿಂದ ಅಂಗವಿಕಲರದೇ ಒಂದು ಸಂಘಟನೆ ಕಟ್ಟಿಕೊಂಡಿತು. ನಮ್ಮನ್ನು ಅಸಹಾಯಕರನ್ನಾಗಿಸುವುದು ನಮ್ಮ ದೇಹವಲ್ಲ, ಸಮಾಜ ಒಡ್ಡುವ ಅಡ್ಡಿಗಳು ಎಂಬ ಅದರ ವಾದ ಮುಂದೆ ಜಗತ್ತಿನ ಕಾನೂನುಗಳನ್ನೇ ಬದಲಿಸಿತು. ದಾನದಿಂದ ನಡೆಯುವ ಮನೆಯಲ್ಲಿದ್ದುಕೊಂಡೇ ಹಕ್ಕು ಕೇಳಲು ಎಷ್ಟು ಧೈರ್ಯ ಬೇಕು!

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಕಲಂ ಸಮುದಾಯದ ನಡುವೆಯೇ ಬದುಕುವ ಹಕ್ಕನ್ನು ಒಪ್ಪಿದೆ. ಯಾರನ್ನೂ ಇಂಥಲ್ಲೇ ಇರಬೇಕೆಂದು ಕಟ್ಟಿಹಾಕದಂತೆ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಹಾಗೆಂದು ವಸತಿಗೃಹಗಳೇ ಬೇಡವೆನ್ನಲು ನನಗೆ ಮನಸ್ಸು ಬರುವುದಿಲ್ಲ. "ನಮ್ಮ ಕಾಲ ಆದಮೇಲೆ ಇವನನ್ನು ಯಾರು ನೋಡ್ಕೋತಾರೆ?" ಎಂದು ಕೇಳುವ ತಂದೆತಾಯಿ ದಾವಣಗೆರೆಯಲ್ಲೂ ಇದ್ದಾರೆ, ಹರಿಹರದಲ್ಲೂ ಇದ್ದಾರೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಇದೆ. ಅಲ್ಲಿ ತರಬೇತಿ, ಚಿಕಿತ್ಸೆ ಮುಗಿಸಿ ಹೊರಟವರಿಗೆ ಎಸ್.ಎಸ್. ಬಡಾವಣೆಯಂಥ ಕಡೆ ಬಾಡಿಗೆಗೆ ಮೆಟ್ಟಿಲಿಲ್ಲದ ಮನೆ, ಗಾಲಿಕುರ್ಚಿ ಹಿಡಿಸುವ ಬಚ್ಚಲು, ಹೊತ್ತಿಗೆ ಬರುವ ಸಹಾಯಕರು ಸಿಗಬೇಕು. ಸಹಾಯಕರ ಭತ್ಯೆಯನ್ನು ಅದೇ ಕಾಯ್ದೆಯ 24ನೇ ಕಲಂ ಹೆಸರಿಸಿಯೇ ಇದೆ. ಮನೆ ಕಟ್ಟಿಸುತ್ತಿರುವವರು ಬಾಗಿಲ ಮುಂದೆ ಒಂದು ಇಳಿಜಾರಿಗೆ ಜಾಗ ಬಿಡುವುದಕ್ಕಂತೂ ಯಾವ ಆದೇಶವೂ ಬೇಕಿಲ್ಲ.