ಲೇಸರ್ ದೀಪ ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ?

ನಂಬಿಕೆ: ಕಾರಿನ ಹೆಡ್‌ಲೈಟ್‌ನಲ್ಲಿ ಲೇಸರ್ ಇದ್ದರೆ ಎದುರು ಬರುವವರ ಕಣ್ಣಿಗೆ ಲೇಸರ್ ಕಿರಣವೇ ಬಡಿಯುತ್ತದೆ.

ಹಾಗಾಗುವುದಿಲ್ಲ. 2014ರಲ್ಲಿ ಬಿಎಂಡಬ್ಲ್ಯು ಐ8 ಕಾರಿನೊಂದಿಗೆ ಬಂದ ದೀಪವನ್ನೇ ನೋಡಿ. ಅದರೊಳಗಿನ ಲೇಸರ್ ಡಯೋಡ್‌ಗಳು ಸೂಸುವ ನೀಲಿ ಕಿರಣ ಮೊದಲು ಒಂದು ಪುಟ್ಟ ಫಾಸ್ಫರ್ ತುಣುಕಿನ ಮೇಲೆ ಬೀಳುತ್ತದೆ. ಫಾಸ್ಫರ್ ನೀಲಿಯ ಬಹುಪಾಲನ್ನು ಹೀರಿ ಹಳದಿ ಬೆಳಕು ಕೊಡುತ್ತದೆ. ಉಳಿದ ನೀಲಿ ಚದುರಿ ಹಳದಿಯೊಂದಿಗೆ ಬೆರೆತು ಬಿಳಿಯಾಗುತ್ತದೆ. ರಸ್ತೆಗೆ ಬೀಳುವುದು ಈ ಚದುರಿದ ಬೆಳಕು. ಭಯಪಡಬೇಕಾದದ್ದು ಅಪಘಾತದಲ್ಲಿ ಫಾಸ್ಫರ್ ಒಡೆದು ನೀಲಿ ಕಿರಣ ನೇರ ಹೊರಬಂದರೆ. ಹಾಗಾದ ಕೂಡಲೇ ಡಯೋಡ್ ಆರಿಸುವ ವ್ಯವಸ್ಥೆ ಇಂಥ ದೀಪಕ್ಕೆ ಬೇಕೇ ಬೇಕು.

ನಂಬಿಕೆ: ಲೇಸರ್ ಎಲ್‌ಇಡಿಗಿಂತ ಹೊಸದು, ಆದ್ದರಿಂದ ವಿದ್ಯುತ್ ಇನ್ನೂ ಕಡಿಮೆ ಸಾಕು.

ಇದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಇದು ಇಷ್ಟು ಗಟ್ಟಿಯಾಗಿ ನಿಂತಿದೆ. ಎಲ್‌ಇಡಿಗೆ ಹರಿಸುವ ವಿದ್ಯುತ್ ಹೆಚ್ಚಿಸಿದಂತೆ ಚಿಪ್ಪಿನೊಳಗೆ ಎಲೆಕ್ಟ್ರಾನುಗಳ ದಟ್ಟಣೆ ಏರುತ್ತದೆ. ಆಗ ಅವುಗಳಲ್ಲಿ ಒಂದು ಪಾಲು ಬೆಳಕು ಕೊಡದೆ, ತಮ್ಮ ಶಕ್ತಿಯನ್ನು ಪಕ್ಕದ ಕಣಕ್ಕೆ ದಾಟಿಸಿ ಶಾಖವಾಗಿ ಕಳೆದುಬಿಡುತ್ತದೆ. ಲೇಸರ್ ಡಯೋಡ್ ಹೀಗಲ್ಲ: ಒಂದು ಮಿತಿ ದಾಟಿ ಲೇಸರ್ ಹೊಮ್ಮತೊಡಗಿದ ಮೇಲೆ ಆ ದಟ್ಟಣೆ ಅಲ್ಲಿಗೇ ನಿಲ್ಲುತ್ತದೆ, ಹೆಚ್ಚುವರಿ ವಿದ್ಯುತ್ತಿನಿಂದ ಬೆಳಕೇ ಹೆಚ್ಚುತ್ತದೆ. ನೀಲಿ ಎಲ್‌ಇಡಿಗಾಗಿ 2014ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಶೂಜಿ ನಕಮುರಾ ಅವರೇ ಲೇಸರ್ ದೀಪದ ಪರ ವಾದಿಸುತ್ತ ಬಂದದ್ದು ಈ ಕಾರಣಕ್ಕೆ.

ಆದರೆ ಕಡಿಮೆ ವಿದ್ಯುತ್ತಿನಲ್ಲಿ ಲೆಕ್ಕ ತಿರುಗುಮುರುಗು. ಒಳ್ಳೆಯ ನೀಲಿ ಎಲ್‌ಇಡಿ ತಾನು ಪಡೆದ ವಿದ್ಯುತ್ತಿನಲ್ಲಿ ಶೇ. 60ಕ್ಕೂ ಹೆಚ್ಚನ್ನು ಬೆಳಕಾಗಿಸುತ್ತದೆ. ನೀಲಿ ಲೇಸರ್‌ಗೆ ಶೇ. 50ರ ಆಸುಪಾಸು ತಲುಪುವುದೇ ದೊಡ್ಡ ಮಾತು. ಮನೆಯ ಬಲ್ಬಿನಲ್ಲಿ ಹಲವು ಎಲ್‌ಇಡಿ ಚಿಪ್ಪುಗಳಿಗೆ ಹೊರೆ ಹಂಚುವುದರಿಂದ ಯಾವುದೂ ಮಿತಿಮೀರಿ ದುಡಿಯಬೇಕಿಲ್ಲ. ನೀಲಿಯನ್ನು ಹಳದಿಯಾಗಿಸುವಾಗ ಸುಮಾರು ಐದನೇ ಒಂದು ಭಾಗ ಶಕ್ತಿ ಶಾಖವಾಗುವುದು ಎರಡರಲ್ಲೂ ತಪ್ಪದು. ಲೇಸರ್‌ನಲ್ಲಿ ಆ ಶಾಖವೆಲ್ಲ ಸಾಸಿವೆ ಕಾಳಿಗಿಂತ ಕಿರಿದಾದ ಚುಕ್ಕೆಯಲ್ಲಿ ಸೇರುತ್ತದೆ. ಹಾಗಾಗಿ ಅಲ್ಲಿ ಕಾವು ತಾಳುವ ಸೆರಾಮಿಕ್ ಫಾಸ್ಫರ್ ಬೇಕು. ಪ್ರೊಜೆಕ್ಟರ್‌ಗಳಲ್ಲಿ ಫಾಸ್ಫರ್ ಲೇಪಿಸಿದ ಚಕ್ರವನ್ನೇ ಗಿರಗಿರ ತಿರುಗಿಸುತ್ತಾರೆ.

ಆ ಕಿರಿದಾದ ಚುಕ್ಕೆಯೇ ಲೇಸರ್ ದೀಪದ ನಿಜವಾದ ಬಲ. ಅಷ್ಟು ಚಿಕ್ಕ ಜಾಗದಿಂದ ಹೊಮ್ಮುವ ಬೆಳಕನ್ನು ಸಣ್ಣ ಕನ್ನಡಿಯಿಂದಲೇ ಬಲು ದೂರಕ್ಕೆ ಹಾಯಿಸಬಹುದು. ಐ8ರ ಹೈಬೀಮ್ 600 ಮೀಟರ್ ಮುಟ್ಟುತ್ತದೆ, ಎಲ್‌ಇಡಿ ಹೆಡ್‌ಲೈಟ್‌ನ ಇಮ್ಮಡಿ ಎಂದು ಕಂಪನಿ ಹೇಳಿಕೊಂಡದ್ದು ಹೀಗೆ. ಬೆಳಕು ಬೇಡದ ಕಡೆ ಚೆಲ್ಲದೆ ಬೇಕಾದಲ್ಲೇ ಬೀಳುವುದರಿಂದ ಅಲ್ಲಿ ಉಳಿತಾಯವೂ ಉಂಟು.

ಹಜಾರಕ್ಕೋ ಅಡುಗೆಮನೆಗೋ ಇಂಥ ಮೊನಚಾದ ಬೆಳಕು ಬೇಕಿಲ್ಲ. ಅಲ್ಲಿ ಎಲ್‌ಇಡಿಯೇ ಸರಿ. ಕೊಳ್ಳುವಾಗ ಡಬ್ಬದ ಮೇಲಿನ ವಾಟ್ ಒಂದನ್ನೇ ನೋಡಬೇಡಿ. ಬೆಳಕಿನ ಪ್ರಮಾಣ ತಿಳಿಸುವ ಲ್ಯೂಮೆನ್ ಸಂಖ್ಯೆಯನ್ನು ವಾಟ್‌ನಿಂದ ಭಾಗಿಸಿ, ಹೆಚ್ಚು ಬಂದದ್ದನ್ನು ತನ್ನಿ.